ಮಾವಿನ ತೋಟಕ್ಕೆ ಗಿಡ್ಡ ಕುರಿ

ಪ್ರಶ್ನೆ: ನಮ್ಮ ಮನೆ ಹುಬ್ಬಳ್ಳಿಯಲ್ಲಿ. ಕಲಘಟಗಿ ಕಡೆ ಎರಡು ಎಕರೆ ಆಪೂಸ್ ಮಾವಿನ ತೋಟವಿದೆ. ಅಲ್ಲೇ ಸಣ್ಣ ಮನೆ, ಬಾವಿ, ನೋಡಿಕೊಳ್ಳಲು ಒಂದು ಕುಟುಂಬವೂ ಇದೆ. ಗಿಡಗಳ ಕೆಳಗಿನ ಹುಲ್ಲು ತೆಗೆಸುವುದೇ ದೊಡ್ಡ ಖರ್ಚು. ಮೊಬೈಲಿನಲ್ಲಿ ‘ಮಿನಿ ಕುರಿ’ ವಿಡಿಯೊ ನೋಡಿದಾಗಿನಿಂದ ಮಕ್ಕಳು ಹಟ ಹಿಡಿದಿದ್ದಾರೆ. ಮಾರುವವರು ಜೋಡಿಗೆ ನಲವತ್ತು ಸಾವಿರ ಕೇಳುತ್ತಾರೆ. ಹತ್ತು ಕಿಲೋ ದಾಟುವುದಿಲ್ಲ, ರೋಗ ಬರುವುದಿಲ್ಲ, ಹುಲ್ಲು ಬಿಟ್ಟರೆ ಬೇರೇನೂ ಬೇಡ ಅನ್ನುತ್ತಾರೆ. ತೆಗೆದುಕೊಳ್ಳಬಹುದೆ? ಹೇಗೆ ಸಾಕಬೇಕು? ಮಕ್ಕಳು ಅವುಗಳ ಜೊತೆ ಆಡಬಹುದೆ?
ಒಬ್ಬ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ಅಕ್ಕೋರೆ, ದುಡ್ಡು ಕೊಡುವ ಮೊದಲು ಆ ಕುರಿಯ ಬಾಯಿ ತೆರೆದು ನೋಡಿರಿ. ಕುರಿಗೆ ಮುಂದಿನ ಹಲ್ಲು ಇರುವುದು ಕೆಳಗಿನ ದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಮರಿ ಇದ್ದಾಗ ಅಷ್ಟೂ ಹಾಲುಹಲ್ಲು, ಅಕ್ಕಿಕಾಳಿನಂತೆ ಸಣ್ಣವು. ವರ್ಷದಿಂದ ಒಂದೂವರೆ ವರ್ಷದೊಳಗೆ ನಡುವಿನ ಎರಡು ಬಿದ್ದು ಅಲ್ಲಿ ಅಗಲವಾದ ಎರಡು ಹಲ್ಲು ಬರುತ್ತವೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ ಬದಲಾಗಿ ನಾಲ್ಕು ವರ್ಷದ ಹೊತ್ತಿಗೆ ಎಂಟೂ ದೊಡ್ಡ ಹಲ್ಲು ಬಂದು ‘ಬಾಯಿ ಕೂಡುತ್ತದೆ’. ನಮ್ಮ ಸಂತೆಗಳಲ್ಲಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’ ಎಂದು ಕುರಿಯ ವಯಸ್ಸು ಹೇಳುವುದು ಇದೇ ಲೆಕ್ಕದಿಂದ. ಹತ್ತು ಕಿಲೋದ ‘ಮಿನಿ ಕುರಿ’ಯ ಬಾಯಲ್ಲಿ ಬರೀ ಹಾಲುಹಲ್ಲು ಕಂಡರೆ ಅದು ಗಿಡ್ಡ ತಳಿಯದೆಂದು ನಂಬಲು ಯಾವ ಆಧಾರವೂ ಇಲ್ಲ, ಅದು ಬರೀ ಮರಿ ಇರಬಹುದು.

ಶಿರಹಟ್ಟಿ ಕಡೆಯ ಒಬ್ಬರು ಹೀಗೇ ನಾಲ್ಕು ತಂದು, ಗಂಟೆ ಕಟ್ಟಿ, ಹೆಸರಿಟ್ಟು ಸಾಕಿದ್ದರು. ಆರೋಗ್ಯ ನೋಡಲು ಕರೆದಾಗ ನಾನು ಬಾಯಿ ತೆರೆದು ನೋಡಿದೆ, ನಮ್ಮ ಕಡೆಯ ದಖನಿ ತಳಿಯ ಮೂರು ತಿಂಗಳ ಮರಿಗಳು. ಮರುವರ್ಷ ದಸರೆಯ ಹೊತ್ತಿಗೆ ಒಂದೊಂದೂ ಮೂವತ್ತು ಕಿಲೋ ತೂಗಿತು. ಅವರ ಪುಣ್ಯ, ಮರಿಗಳು ಆರೋಗ್ಯವಾಗಿದ್ದವು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬಾಯಿ ಕೂಡಿದ ಕುರಿಯೇ ಇರುತ್ತದೆ, ಆದರೆ ಮರಿಯಿದ್ದಾಗ ಹಾಲಿಲ್ಲದೆ, ಹೊಟ್ಟೆ ತುಂಬ ಜಂತು ತುಂಬಿಕೊಂಡು ಬೆಳವಣಿಗೆ ನಿಂತಿರುತ್ತದೆ. ಮೈಗೂದಲು ಬಿರುಸು, ಹೊಟ್ಟೆ ಜೋತು, ಬೆನ್ನಮೂಳೆ ಕೈಗೆ ಚುಚ್ಚುವಂತೆ. ಅದನ್ನು ‘ಮಿನಿ’ ಎಂದು ಮಾರುವುದು ಆ ಮೂಕಪ್ರಾಣಿಗೂ ನಿಮಗೂ ಮಾಡುವ ಅನ್ಯಾಯ.

ನಿಜವಾದ ಗಿಡ್ಡ ತಳಿಗಳು ಇಲ್ಲವೆಂದಲ್ಲ. ಫ್ರಾನ್ಸಿನ ಪಶ್ಚಿಮ ಕರಾವಳಿಯಾಚೆಯ ಉಶಾಂತ್ ದ್ವೀಪದ ಕುರಿಯ ಭುಜ ಅರ್ಧ ಮೀಟರು ಮುಟ್ಟುವುದಿಲ್ಲ. ಇಂಗ್ಲೆಂಡಿನ ಹಳೆಯ ಸೌತ್‌ಡೌನ್ ಕುರಿಯ ಗಿಡ್ಡ ವಂಶವನ್ನು ಅಮೆರಿಕದಲ್ಲಿ ಉಳಿಸಿ ‘ಬೇಬಿಡಾಲ್’ ಎಂದು ಕರೆದರು, ಅದರ ಎತ್ತರ 18ರಿಂದ 24 ಇಂಚು. ದ್ರಾಕ್ಷಿ ತೋಟಗಳಲ್ಲಿ ಹುಲ್ಲು ಮೇಯಲು ಅದನ್ನು ಬಿಡುತ್ತಾರೆ, ಗಿಡ್ಡ ಇರುವುದರಿಂದ ಗೊನೆಗೆ ಬಾಯಿ ಎಟುಕುವುದಿಲ್ಲ. ನೀವು ನೋಡಿದ ವಿಡಿಯೊದ ಕುರಿ ಬಹುಶಃ ಇದೇ. ಆದರೆ ಹೊರದೇಶದಿಂದ ಜೀವಂತ ಕುರಿ ತರಲು ಕೇಂದ್ರ ಸರ್ಕಾರದ ಪರವಾನಗಿ ಬೇಕು, ಬಂದ ಮೇಲೆ ಸರ್ಕಾರದ ಪ್ರತ್ಯೇಕವಾಸ ಕೇಂದ್ರದಲ್ಲಿ ಇಡಬೇಕು. 1898ರ ಜಾನುವಾರು ಆಮದು ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಮಾರುವವರನ್ನು ಆ ಕಾಗದ ಕೇಳಿರಿ. ಇನ್ನೊಂದು ಮಾತು. ಆ ಕುರಿಗೆ ಕಣ್ಣು ಮುಚ್ಚುವಷ್ಟು ದಟ್ಟ ಉಣ್ಣೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಏದುಸಿರು ಬಿಡುತ್ತದೆ. ಮಳೆಗಾಲ ಮುಗಿಯುವಾಗ ನುಸಿಗಳಿಂದ ಹರಡುವ ನೀಲಿ ನಾಲಿಗೆ ರೋಗ ನಮ್ಮ ನಾಡಕುರಿಗಳನ್ನೂ ಬಿಡುವುದಿಲ್ಲ, ವಿಲಾಯಿತಿ ಕುರಿಗಂತೂ ಇನ್ನೂ ಜೋರಾಗಿ ಬಡಿಯುತ್ತದೆ.

ನಮ್ಮ ದೇಶದಲ್ಲೇ ಗಿಡ್ಡ ಕುರಿಗಳಿವೆ. ಬಂಗಾಳದ ಸುಂದರಬನದ ಗರೋಲ್ ಬೆಳೆದ ಮೇಲೂ 10ರಿಂದ 15 ಕಿಲೋ, ಒಂದೇ ಸಲಕ್ಕೆ ಎರಡು ಮೂರು ಮರಿ ಹಾಕುತ್ತದೆ. ಆ ಗುಣವನ್ನು ನಮ್ಮ ದಖನಿಗೆ ಕೂಡಿಸಿ ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ‘ನಾರಿ ಸುವರ್ಣ’ ಎಂಬ ಕುರಿ ಮಾಡಿದ್ದಾರೆ. ಅವಳಿ ಮರಿ ಬೇಕೆನ್ನುವ ರೈತರಿಗೆ ಅದು ಒಳ್ಳೆಯದು, ಆದರೆ ಅದು ಗಿಡ್ಡ ಕುರಿಯಲ್ಲ. ನಿಮ್ಮ ತೋಟಕ್ಕೆ ನನ್ನ ಆಯ್ಕೆ ಬನ್ನೂರು ಕುರಿ. ಮಂಡ್ಯ ಕುರಿ, ಬಂಡೂರು ಕುರಿ ಎಂದೂ ಅದನ್ನೇ ಕರೆಯುತ್ತಾರೆ. ಗಿಡ್ಡ ಕಾಲು, ಗುಂಡು ಮೈ. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವೆ ತಲೆಕೆಳಗಾದ ಇಂಗ್ಲಿಷ್ ‘ಯು’ ಅಕ್ಷರ ಕಾಣುತ್ತದೆ. ಬೆಳೆದ ಹೆಣ್ಣು ಕುರಿ 25 ಕಿಲೋ ಆಸುಪಾಸು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯ ಸರ್ಕಾರಿ ಸಂವರ್ಧನ ಕೇಂದ್ರವಿದೆ, ಅಲ್ಲಿ ವಿಚಾರಿಸಿರಿ. ಅಷ್ಟು ದೂರ ಬೇಡವೆಂದರೆ ನಮ್ಮ ದಖನಿಯಲ್ಲೇ ಸಣ್ಣ ಮೈಕಟ್ಟಿನ, ಎರಡು ಹಲ್ಲಿನ ನಾಲ್ಕು ಹೆಣ್ಣು ಕುರಿ ಆರಿಸಿಕೊಳ್ಳಿ. ಜೋಡಿ ಎಂದು ಎರಡೇ ತರಬೇಡಿ. ಕುರಿಗೆ ಹಿಂಡಿನ ಜೀವ. ಒಂದು ಸತ್ತರೆ ಉಳಿದದ್ದು ಮೇವು ಬಿಟ್ಟು ದಿನವಿಡೀ ಅರಚುತ್ತದೆ. ನಾಲ್ಕೈದು ಇದ್ದರೆ ಅವಕ್ಕೂ ಧೈರ್ಯ, ನಿಮಗೂ ಸುಲಭ.

ಜೂನ್‌ನಲ್ಲಂತೂ ತರಲೇಬೇಡಿ. ಲಾರಿಯಲ್ಲಿ ಬಂದ ದಣಿವು, ಹೊಸ ಜಾಗ, ಮೇಲೆ ಕಲಘಟಗಿಯ ಜಿಟಿಜಿಟಿ ಮಳೆ ಮೂರೂ ಕೂಡಿದರೆ ನ್ಯುಮೋನಿಯಾಕ್ಕೆ ಬಾಗಿಲು ತೆರೆದಂತೆ. ದೀಪಾವಳಿ ಮುಗಿದ ಮೇಲೆ ತನ್ನಿ. ನೆಲ ಒಣಗಿರುತ್ತದೆ, ಶೇಂಗಾ ಹೊಟ್ಟೂ ಸಿಗುತ್ತದೆ. ನೆರೆಯವರ ಕುರಿಗಳ ಹತ್ತಿರ ಮೂರು ವಾರ ಸುಳಿಯದಂತೆ ಬೇರೆ ಇಡಿ.

ಈಗ ನಿಮ್ಮ ಮಾವಿನ ತೋಟದ ಮಾತು. ಇದನ್ನು ಮಾರುವವರು ಯಾರೂ ಹೇಳುವುದಿಲ್ಲ. ಸಾಕುಪ್ರಾಣಿಗಳಲ್ಲಿ ತಾಮ್ರ ತಡೆದುಕೊಳ್ಳುವ ಶಕ್ತಿ ಅತಿ ಕಡಿಮೆ ಇರುವುದು ಕುರಿಗೆ. ಮಾವಿಗೆ ಹೊಡೆಯುವ ಬೋರ್ಡೊ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್ ಎರಡರಲ್ಲೂ ಇರುವುದು ತಾಮ್ರವೇ. ಸಿಂಪಡಿಸಿದಾಗ ಗಿಡದಿಂದ ತೊಟ್ಟಿಕ್ಕಿ ಕೆಳಗಿನ ಹುಲ್ಲಿನ ಮೇಲೆ ಕೂರುತ್ತದೆ. ಕುರಿ ಅದನ್ನು ತಿಂದರೆ ಅಂದೇ ಏನೂ ಆಗುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ತಾಮ್ರ ಪಿತ್ತಜನಕಾಂಗದಲ್ಲಿ ಕೂಡಿಡುತ್ತಾ ಹೋಗಿ, ಒಂದು ದಿನ ಸ್ವಲ್ಪ ದಣಿವಾದರೆ ಸಾಕು, ಎಲ್ಲಾ ಒಮ್ಮೆಲೇ ರಕ್ತಕ್ಕೆ ಬಿಡುತ್ತದೆ. ಒಂದು ತೋಟದಲ್ಲಿ ನಾನು ಹೋಗುವಷ್ಟರಲ್ಲಿ ಎರಡು ಸತ್ತಿದ್ದವು, ಮೂರನೆಯದು ಗೋಡೆಗೆ ತಲೆಯಾನಿಸಿ ನಿಂತಿತ್ತು. ಕಣ್ಣಿನ ಬಿಳಿ ಭಾಗ ಅರಿಸಿನ ಬಳಿದಂತೆ, ಕಾಲ ಬುಡದ ಮಣ್ಣಿನಲ್ಲಿ ಕಪ್ಪು ಕಾಫಿಯಂತಹ ಮೂತ್ರ. ಸತ್ತದ್ದನ್ನು ಕೊಯ್ದು ನೋಡಿದರೆ ಮೂತ್ರಪಿಂಡ ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಆ ಮನೆಯವರು ಕುರಿಗಳಿಗೆ ಒಳ್ಳೆಯದಾಗಲಿ ಎಂದು ಎಮ್ಮೆಗೆ ತಂದ ಖನಿಜ ಮಿಶ್ರಣವನ್ನೂ ದಿನಾ ತಿನ್ನಿಸುತ್ತಿದ್ದರು. ದನ ಎಮ್ಮೆಯ ಮಿಶ್ರಣದಲ್ಲೂ ತಾಮ್ರ ಇರುತ್ತದೆ. ಕುರಿಗೆಂದೇ ಮಾಡಿದ್ದನ್ನು ಕೇಳಿ ತನ್ನಿ, ಸಿಗದಿದ್ದರೆ ಅಡುಗೆ ಉಪ್ಪಿನ ಗಡ್ಡೆ ತೂಗುಬಿಡಿ.

ಹೀಗಾಗಿ ಎರಡು ಎಕರೆಯಲ್ಲಿ ಒಂದು ಎಕರೆಯನ್ನು ತಾಮ್ರ ಮುಟ್ಟಿಸದ ಭಾಗ ಎಂದು ಮೊದಲೇ ತೀರ್ಮಾನಿಸಿ. ಕುರಿ ಮೇಯುವುದು ಅಲ್ಲಿ ಮಾತ್ರ. ಡಿಸೆಂಬರ್‌ನಿಂದ ಹೂ ಬಿಡುವ ಕಾಲಕ್ಕೆ ಜಿಗಿಹುಳುವಿಗೆ ಹೊಡೆಯುವ ಔಷಧಿ ಬೇರೆ ವಿಷ. ಬಾಟಲಿಯ ಮೇಲೆ ಬರೆದ ದಿನಗಳು ಕಳೆಯುವವರೆಗೆ ಕುರಿಗಳನ್ನು ದಡ್ಡಿಯಲ್ಲೇ, ಅಂದರೆ ಕುರಿಮನೆಯಲ್ಲೇ, ಇಟ್ಟು ಮೇವು ಹಾಕಿ. ಐದು ವರ್ಷದೊಳಗಿನ ಎಳೆ ಗಿಡಗಳಿದ್ದರೆ ಕಾಂಡಕ್ಕೆ ಮುಳ್ಳು ಅಥವಾ ಜಾಳಿಗೆ ಸುತ್ತಿ. ಬೇಸಿಗೆಯಲ್ಲಿ ಹಸಿರು ಸಿಗದಿದ್ದರೆ ಗಿಡ್ಡ ಕುರಿಯೂ ತೊಗಟೆ ಸುಲಿಯುತ್ತದೆ. ಬೇಲಿಯಲ್ಲಿ ಅಂದಕ್ಕೆಂದು ಕಣಗಿಲ ಹಚ್ಚಿದ್ದರೆ ಕುರಿ ತರುವ ಮೊದಲೇ ಬೇರುಸಹಿತ ಕಿತ್ತುಹಾಕಿ, ಒಣಗಿದ ಎಲೆಯೂ ಕೊಲ್ಲುತ್ತದೆ. ಪಕ್ಕದ ಹೊಲದಲ್ಲಿ ಜೋಳದ ಎಳೆ ಪೈರು, ಕೊಯ್ದ ಮೇಲೆ ಚಿಗುರಿದ ಕೂಳೆ ಇದ್ದರೆ ಅತ್ತ ಹೊಡೆಯಬೇಡಿ. ಅದರಲ್ಲಿ ಸಯನೈಡ್ ಅಂಶ ಇರುತ್ತದೆ, ಚಿಕಿತ್ಸೆಗೆ ಸಮಯವೇ ಸಿಗುವುದಿಲ್ಲ.

ಇಷ್ಟು ಹೇಳಿದರೂ ನಿಮ್ಮಂತಹ ತೋಟಗಳಲ್ಲಿ ಕುರಿಗಳು ಹೆಚ್ಚಾಗಿ ಸಾಯುವುದು ವಿಷದಿಂದಲ್ಲ, ಜಂತಿನಿಂದ. ಜಂತು ಹೆಚ್ಚಲು ಕಾರಣ ಕುರಿಯ ಗಾತ್ರವಲ್ಲ, ಜಾಗ ಸಣ್ಣದಿರುವುದು. ನಮ್ಮ ಕುರುಬರ ಹಿಂಡು ನೋಡಿ. ಇವತ್ತು ಒಬ್ಬರ ಹೊಲದಲ್ಲಿ ತರುಬಿದರೆ ಎರಡು ದಿನಕ್ಕೆ ಮತ್ತೊಬ್ಬರ ಹೊಲ. ಹಲವರು ಮಳೆ ಹಿಡಿದ ಕೂಡಲೇ ಕಪ್ಪುಮಣ್ಣಿನ ಎರಿ ಹೊಲದ ಕೆಸರು ಬಿಟ್ಟು ಕೆಂಪುಮಣ್ಣಿನ ಮಸಾರಿ, ಗುಡ್ಡದ ಒಣ ಸೀಮೆಗೆ ಹೊಡೆದುಕೊಂಡು ಹೋಗುತ್ತಾರೆ. ಮುಂಡರಗಿ ಹತ್ತಿರ ಒಬ್ಬ ಅಜ್ಜ ಹೇಳಿದ್ದು ನೆನಪಿದೆ: “ಸಾಹೇಬ್ರ, ಮೇದಲ್ಲೇ ಮಲಗೋ ಕುರಿ ಉಳಿಯಂಗಿಲ್ರಿ.” ಓದು ಬರಹ ಬಾರದ ಆ ಅಜ್ಜ ಹೇಳಿದ್ದೇ ನಾವು ಕಾಲೇಜಿನಲ್ಲಿ ಸೂಕ್ಷ್ಮದರ್ಶಕದಡಿ ಕಲಿತದ್ದು. ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ದಾರದಂತಹ ಒಂದು ಹುಳು ಅಂಟಿಕೊಂಡು ರಕ್ತ ಹೀರುತ್ತದೆ, ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದ ಮೊಟ್ಟೆ ಮಳೆಗಾಲದ ಬೆಚ್ಚನೆಯ ತೇವದಲ್ಲಿ ಒಂದು ವಾರದೊಳಗೆ ಮರಿಹುಳುವಾಗಿ, ಒದ್ದೆ ಹುಲ್ಲಿನ ಎಸಳು ಹತ್ತಿ ಕೂರುತ್ತದೆ. ಹತ್ತುವುದು ಹೆಚ್ಚಾಗಿ ಎರಡು ಮೂರು ಇಂಚು. ಹುಲ್ಲನ್ನು ನೆಲಮಟ್ಟ ಮೇಯುವ ಕುರಿಯ ಬಾಯಿ ತಾಗುವುದೂ ಅಲ್ಲೇ.

ಇದಕ್ಕೆ ಮದ್ದಿಗಿಂತ ಬೇಲಿ ಒಳ್ಳೆಯದು. ಆ ಒಂದು ಎಕರೆಯನ್ನು ಬಲೆ ಬೇಲಿಯಿಂದ ಹತ್ತು ತುಂಡು ಮಾಡಿ. ಒಂದು ತುಂಡಿನಲ್ಲಿ ಮೂರು ನಾಲ್ಕು ದಿನ ಮೇಯಿಸಿ ಮುಂದಿನದಕ್ಕೆ ದಾಟಿಸಿ. ಹತ್ತು ಸುತ್ತಿ ಮೊದಲ ತುಂಡಿಗೆ ಮರಳುವಷ್ಟರಲ್ಲಿ ಐದು ವಾರ ಆಗಿರುತ್ತದೆ. ನಮ್ಮ ಬಿಸಿ ಹವೆಯಲ್ಲಿ ಅಷ್ಟರೊಳಗೆ ಮರಿಹುಳುಗಳು ಬಹುಪಾಲು ಸಾಯುತ್ತವೆ. ಹುಲ್ಲು ನಾಲ್ಕು ಬೆರಳಿಗಿಂತ ಗಿಡ್ಡವಾದರೆ ದಿನ ಮುಗಿಯದಿದ್ದರೂ ದಾಟಿಸಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬಿಡಬೇಡಿ. ತೋಟ ನೋಡಿಕೊಳ್ಳುವವರಿಗೆ ಇದು ಮೊದಲು ಉಪದ್ರವ ಅನ್ನಿಸುತ್ತದೆ. ಒಂದು ಮಳೆಗಾಲ ಕಳೆಯಲಿ, ಅವರೇ ಬೇರೆಯವರಿಗೆ ಹೇಳಿಕೊಡುತ್ತಾರೆ.

ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಪ್ರತಿ ಕುರಿಯ ಕಣ್ಣು ನೋಡಿ. ಬಿಸಿಲಿನಲ್ಲಿ ನಿಂತು, ಮೇಲಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಕೆಳಗಿನ ರೆಪ್ಪೆ ಜಗ್ಗಿದರೆ ಒಳಚರ್ಮ ಕಾಣುತ್ತದೆ. ಕೆಂಪಗಿದ್ದರೆ ಚಿಂತೆಯಿಲ್ಲ. ಗುಲಾಬಿಯಿಂದ ಬಿಳುಪಿಗೆ ತಿರುಗಿದ್ದರೆ ಆ ಕುರಿಗೆ ಜಂತಿನ ಔಷಧಿ ಬೇಕು. ಗದ್ದದ ಕೆಳಗೆ ನೀರಿನ ಚೀಲದಂತೆ ಊದಿದ್ದರೆ ತಡವಾಗಿದೆ ಎಂದರ್ಥ, ಅಂದೇ ವೈದ್ಯರನ್ನು ಕರೆಸಿ. ಎಲ್ಲಕ್ಕೂ ತಿಂಗಳು ತಿಂಗಳು ಔಷಧಿ ಕುಡಿಸುವ ಪದ್ಧತಿ ಬೇಡ. ಜಂತು ಅದಕ್ಕೆ ಒಗ್ಗಿಕೊಂಡು ಬಿಡುತ್ತದೆ, ಆಮೇಲೆ ಬೇಕೆಂದಾಗ ಯಾವ ಬಾಟಲಿಯೂ ಕೆಲಸಕ್ಕೆ ಬರುವುದಿಲ್ಲ. ಔಷಧಿ ಕೊಡುವಾಗ ತೂಕ ಮಾಡಿಯೇ ಕೊಡಿ. ಗಿಡ್ಡ ಕುರಿಯ ಅನುಕೂಲ ಇಲ್ಲೇ ಇದೆ. ನೀವು ಒಬ್ಬರೇ ತೂಕದ ಯಂತ್ರ ಹತ್ತಿ, ಆಮೇಲೆ ಕುರಿ ಎತ್ತಿಕೊಂಡು ಹತ್ತಿ ಕಳೆದರೆ ಆಯಿತು. ಕಣ್ಣಳತೆಯಲ್ಲಿ ಹೆಚ್ಚಾದರೆ ವಿಷ, ಕಡಿಮೆಯಾದರೆ ಜಂತು ಒಗ್ಗುತ್ತದೆ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತಿನ ಔಷಧಿ ಕುಡಿಸಲೇಬಾರದು, ಹೊಟ್ಟೆಯೊಳಗಿನ ಮರಿ ವಿಕಲವಾಗುತ್ತದೆ. ಹಿಕ್ಕೆ ಪರೀಕ್ಷೆಗೆ ಬೆಳಗಿನ ತಾಜಾ ಹಿಕ್ಕೆಯನ್ನು ಕವರಿನಲ್ಲಿ ಕಟ್ಟಿ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ಯಿರಿ. ಗದಗಿನ ಪಶುವೈದ್ಯಕೀಯ ಕಾಲೇಜೂ ನಿಮಗೆ ದೂರವಲ್ಲ.

ಲಸಿಕೆಗಳಲ್ಲಿ ಎರಡನ್ನು ತಪ್ಪಿಸಬೇಡಿ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಗಬಗಬ ತಿಂದ ಕುರಿ, ಅದರಲ್ಲೂ ಎಲ್ಲಕ್ಕಿಂತ ಗಟ್ಟಿಮುಟ್ಟಾದದ್ದೇ, ಬೆಳಗಾಗುವುದರೊಳಗೆ ಸತ್ತು ಬಿದ್ದಿರುತ್ತದೆ. ಅದು ಕರುಳು ಬೇನೆ. ಮೇ ತಿಂಗಳಲ್ಲಿ ಲಸಿಕೆ, ಮೊದಲ ಸಲವಾದರೆ ಹದಿನಾಲ್ಕು ದಿನಕ್ಕೆ ಇನ್ನೊಂದು. ಎರಡನೆಯದು ಪಿಪಿಆರ್ ಎಂಬ ಕುರಿ-ಆಡುಗಳ ಅಂಟುರೋಗದ್ದು, ನಮ್ಮ ಕಡೆ ಹಿರೇಬ್ಯಾನಿ ಅನ್ನುವುದು. ನಾಲ್ಕು ತಿಂಗಳು ತುಂಬಿದ ಮೇಲೆ ಒಂದು ಸಲ, ಆಮೇಲೆ ಮೂರು ವರ್ಷಕ್ಕೊಮ್ಮೆ. ಗಳಲೆ ರೋಗ, ಕಾಲುಬಾಯಿ ಜ್ವರ, ಸಿಡುಬು, ನೀಲಿ ನಾಲಿಗೆ ಇವುಗಳ ಲಸಿಕೆಯನ್ನು ನಿಮ್ಮೂರ ಪಶುವೈದ್ಯರು ಸುತ್ತಲಿನ ಪರಿಸ್ಥಿತಿ ನೋಡಿ ಹೇಳುತ್ತಾರೆ.

ಮೇವಿನ ಲೆಕ್ಕ ಸರಳ. 25 ಕಿಲೋದ ಕುರಿಗೆ ದಿನಕ್ಕೆ ಮುಕ್ಕಾಲು ಕಿಲೋದಿಂದ ಒಂದು ಕಿಲೋದಷ್ಟು ಒಣ ಮೇವಿನ ಅಂಶ ಸಾಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ತೋಟದ ಹುಲ್ಲೇ ಆಗುತ್ತದೆ, ಆದರೂ ಬಿಡುವ ಮೊದಲು ಒಂದು ಹಿಡಿ ಶೇಂಗಾ ಹೊಟ್ಟೋ ಜೋಳದ ಕಣಕಿಯೋ ತಿನ್ನಿಸಿ ಬಿಡಿ, ಹೊಟ್ಟೆ ಉಬ್ಬರ ತಪ್ಪುತ್ತದೆ. ಉಳಿದ ತಿಂಗಳಿಗೆ ಐದು ಕುರಿಗೆ ಎಂಟರಿಂದ ಹತ್ತು ಕ್ವಿಂಟಲ್ ಹೊಟ್ಟು ಕೂಡಿಡಿ, ಬೂಸ್ಟು ಹಿಡಿದದ್ದು ಬೇಡ. ಬೇಲಿಗೆ ಅಗಸೆ ಮರ, ಗ್ಲಿರಿಸಿಡಿಯಾ ಹಚ್ಚಿ, ಬೇಸಿಗೆಯಲ್ಲಿ ಟೊಂಗೆ ಕಡಿದು ಹಾಕಬಹುದು. ಗೋವಿನಜೋಳದ ಚೀಲ ಮಾತ್ರ ಬಾಗಿಲು ಹಾಕಿದ ಕೋಣೆಯಲ್ಲಿರಲಿ. ಹಾವೇರಿ ಕಡೆ ರಾಶಿಯ ಕಾಲದಲ್ಲಿ ಕಾಳಿಗೆ ಬಾಯಿ ಹಾಕಿದ ಕುರಿಗಳು ಹೊಟ್ಟೆ ಹುಳಿಯಾಗಿ ಸಾಯುವುದನ್ನು ಪ್ರತಿ ವರ್ಷ ನೋಡಿದ್ದೇನೆ.

ದಡ್ಡಿ ಎತ್ತರದ ಜಾಗದಲ್ಲಿರಲಿ, ನೆಲಕ್ಕೆ ಮೊರಂ ಬಡಿಸಿ, ಪ್ರತಿ ಕುರಿಗೆ ಹದಿನೈದು ಚದರ ಅಡಿ ನೆರಳು. ಮೂರು ಕಡೆ ಗಾಳಿಯಾಡಬೇಕು. ಕೆಸರಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ಬಾಗಿಲು, ಬೇಲಿಯ ವಿಷಯದಲ್ಲಿ ಮಾತ್ರ ಖರ್ಚಿಗೆ ಕೈ ಬಿಗಿ ಹಿಡಿಯಬೇಡಿ. ಗದಗಿನ ಕಪ್ಪತಗುಡ್ಡದ ಕಡೆ ತೋಳದ ಭಯ, ನಿಮಗೆ ಬೀದಿನಾಯಿಯ ಭಯ. ಎತ್ತರದ ಕುರಿಗೆ ಕಾಲು ಕಚ್ಚುವ ನಾಯಿ ಗಿಡ್ಡ ಕುರಿಗೆ ನೇರ ಗಂಟಲಿಗೇ ಬಾಯಿ ಹಾಕುತ್ತದೆ. ಐದಡಿ ಜಾಳಿಗೆ, ಬುಡ ಅರ್ಧ ಅಡಿ ಮಣ್ಣಿನೊಳಗೆ, ರಾತ್ರಿ ಚಿಲಕ.

ಮೊದಲ ವರ್ಷ ಟಗರು ಬೇಡ. ಎರಡನೆಯ ವರ್ಷ ಆಷಾಢದಲ್ಲಿ ಎರವಲು ಟಗರು ಬಿಟ್ಟರೆ, ಐದು ತಿಂಗಳು ತುಂಬಿ ಮಾರ್ಗಶಿರದ ಒಣ ಹವೆಯಲ್ಲಿ ಮರಿ ಬೀಳುತ್ತವೆ. ಟಗರು ಅದೇ ಗಿಡ್ಡ ತಳಿಯದೇ ಆಗಿರಲಿ. ಸಂತೆಯ ದೊಡ್ಡ ಟಗರು ಬಿಟ್ಟರೆ ಮರಿಯ ತಲೆ ದೊಡ್ಡದಾಗಿ ಕುರಿ ಈಯಲಾರದೆ ಹೋಗುತ್ತದೆ. ಮರಿ ಬರುವಾಗ ಮೊದಲು ಕಾಣಬೇಕಾದದ್ದು ಎರಡು ಮುಂಗಾಲಿನ ಗೊರಸು, ಅದರ ಮೇಲಿಟ್ಟ ಮೂತಿ. ಬರೀ ಬಾಲವೋ ಒಂದೇ ಕಾಲೋ ಕಂಡರೆ, ಅಥವಾ ಅರ್ಧ ಗಂಟೆ ಜೋರಾಗಿ ತಿಣುಕಿದರೂ ಏನೂ ಬಾರದಿದ್ದರೆ, ಎಳೆಯಬೇಡಿ, ವೈದ್ಯರಿಗೆ ಫೋನ್ ಮಾಡಿ.

ಹುಟ್ಟಿದ ಮರಿಯ ಮೂತಿ ಒರೆಸಿ, ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ. ಎರಡು ಕಿಲೋದ ಮರಿಗೆ ಮೊದಲ ದಿನ ಕನಿಷ್ಠ 200 ಮಿಲಿ ಹೋಗಬೇಕು. ಗಿಡ್ಡ ತಳಿಯ ಮರಿಗೆ ಮೈಯಲ್ಲಿ ಕೊಬ್ಬು ಕಡಿಮೆ, ಡಿಸೆಂಬರ್ ಚಳಿಗೆ ಬೇಗ ತಣ್ಣಗಾಗುತ್ತದೆ. ಒಂದು ರಾತ್ರಿ ನಾನು ಹೋದಾಗ ಮನೆಯವರು ಸೆಟೆದು ಮಲಗಿದ ಮರಿಯ ಬಾಯಿಗೆ ಹಾಲು ಸುರಿಯುತ್ತಿದ್ದರು. ಬೆರಳು ಬಾಯೊಳಗಿಟ್ಟರೆ ಕೊಡದ ನೀರಿನಷ್ಟು ತಣ್ಣಗೆ. ಹಾಗಿದ್ದಾಗ ಹಾಲು ಹೊಟ್ಟೆಗಿಳಿಯುವುದಿಲ್ಲ, ಶ್ವಾಸಕೋಶಕ್ಕಿಳಿಯುತ್ತದೆ. ಕಂಬಳಿಯಲ್ಲಿ ಸುತ್ತಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆ ಸುತ್ತಿ ಎರಡೂ ಪಕ್ಕ ಇಟ್ಟು ಮುಕ್ಕಾಲು ಗಂಟೆ ಕೂತೆವು. ಮತ್ತೆ ಬೆರಳಿಟ್ಟಾಗ ಬಾಯಿ ಬೆಚ್ಚಗಾಗಿ, ನಾಲಿಗೆ ಬೆರಳನ್ನು ಚೀಪಲು ಶುರುಮಾಡಿತು. ಆಮೇಲೆ ಹಾಲು ಕೊಟ್ಟೆವು. ಬಾಯಿ ಬೆಚ್ಚಗಿದೆಯೆ ಎಂದು ಮೊದಲು ಬೆರಳಿಟ್ಟು ನೋಡುವುದನ್ನು ತೋಟದ ಮನೆಯವರಿಗೂ ಕಲಿಸಿಡಿ.

ಇನ್ನು ಮಕ್ಕಳು. ಖಂಡಿತ ಆಡಲಿ, ಮೇಯಿಸಲಿ, ಸೊಪ್ಪು ಕೈಯಾರೆ ತಿನ್ನಿಸಲಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲಿ. ಕುರಿಯ ತುಟಿಯ ಮೇಲೆ ಹಕ್ಕಳೆಗಟ್ಟಿದ ಹುಣ್ಣು ಕಂಡರೆ ಅದು ವಾಸಿಯಾಗುವವರೆಗೆ ದೂರ ಇರಲಿ, ಆ ಹುಣ್ಣು ಮನುಷ್ಯರ ಕೈಗೂ ಬರುತ್ತದೆ. ಮನೆಯಲ್ಲಿ ಗರ್ಭಿಣಿಯರಿದ್ದರೆ ಮರಿ ಹಾಕುವ ಕುರಿ, ಅದರ ಮಾಸು ಮುಟ್ಟಬಾರದು. ಟಗರುಮರಿ ಹುಟ್ಟಿದರೆ ಅದರ ಹಣೆಗೆ ಅಂಗೈ ಒತ್ತಿ ನೂಕುವ ಆಟ ಆಡಲು ಮಕ್ಕಳನ್ನು ಬಿಡಬೇಡಿ. ಎರಡು ತಿಂಗಳಿದ್ದಾಗ ಅದು ಮುದ್ದು. ವರ್ಷ ತುಂಬಿದ ಟಗರು ಅದೇ ಆಟವನ್ನು ನೆನಪಿಟ್ಟುಕೊಂಡು ಹತ್ತು ಹೆಜ್ಜೆ ಹಿಂದೆ ಸರಿದು ಓಡಿ ಬಂದು ಗುದ್ದುತ್ತದೆ, ಗಿಡ್ಡ ಟಗರಾದರೆ ಆ ಪೆಟ್ಟು ಮಗುವಿನ ಹೊಟ್ಟೆಗೇ ಬೀಳುತ್ತದೆ. ಸವರಬೇಕೆಂದರೆ ಗದ್ದದ ಕೆಳಗೆ, ಕತ್ತಿನ ಪಕ್ಕ ಕೆರೆಯಲಿ. ಕುರಿ ಕತ್ತು ಚಾಚಿ, ಕಣ್ಣು ಅರೆಮುಚ್ಚಿ ನಿಲ್ಲುತ್ತದೆ.